ಬರೀ ಪುಟ್ಟತಾಯಮ್ಮ

ಬೆಳಿಗ್ಗೆ ಆರೂವರೆಗೆ ಅಕ್ಕಿಹೆಬ್ಬಾಳಿನ ಹಾಲಿನ ಡೈರಿ ಮುಂದೆ ಕ್ಯಾನು ಹಿಡಿದು ನಿಂತಿದ್ದ ಚಿಕ್ಕಸ್ವಾಮಿಯನ್ನು ಸಾಲಿನಲ್ಲಿದ್ದ ಯಾರೋ ಕೇಳಿದರು: "ನಿಮ್ಮನೆಯವ್ರ ಮೂಗಿಗೆ ಏನಾಯ್ತಂತೆ ಚಿಕ್ಕಸ್ವಾಮಣ್ಣ?"

ಈ ಪ್ರಶ್ನೆಗೆ ಹೆಂಡತಿ ಹತ್ತು ದಿನದಿಂದ ಅವನಿಗೆ ಉತ್ತರ ಬಾಯಿಪಾಠ ಮಾಡಿಸಿದ್ದಳು. 'ಮೂಗಿನೊಳಗೆ ದುರ್ಮಾಂಸ ಬೆಳೆದಿತ್ತು, ತೆಗೆಸಿದೆವು, ಈಗ ಸರಿಹೋಗಿದೆ' ಎನ್ನಬೇಕು. ಅಷ್ಟೇ. ಆದರೆ ಚಿಕ್ಕಸ್ವಾಮಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ. ಹೇಳಬೇಕಾಗಿ ಬಂದರೆ ನಾಲಿಗೆ ಒಣಗಿ, ಕಲಿತದ್ದೆಲ್ಲ ಮರೆತು, ಬಾಯಿಗೆ ಸಿಕ್ಕಿದ್ದು ಹೊರಗೆ ಬರುತ್ತಿತ್ತು.

"ಏನಿಲ್ಲ ಕಣಪ್ಪ, ಒಂದು ಸಣ್ಣ ಗೆಡ್ಡೆ," ಎಂದುಬಿಟ್ಟ.

ಅವನು ಹಾಲು ಅಳೆಸಿ ಕ್ಯಾನು ತೊಳೆಯುವಷ್ಟರಲ್ಲಿ ಸಣ್ಣ ಗೆಡ್ಡೆ ದೊಡ್ಡದಾಗಿತ್ತು. ಮಾತು ಬಸ್ ಸ್ಟ್ಯಾಂಡು ಮುಟ್ಟುವ ಹೊತ್ತಿಗೆ ಗೆಡ್ಡೆಗೆ ಬೇರು ಬಂದು, ಆ ಬೇರು ಮಿದುಳಿಗೆ ಇಳಿದಿತ್ತು.

ನಿಜ ಸಂಗತಿ ಊರಿನಲ್ಲಿ ಗಂಡ ಹೆಂಡತಿ ಇಬ್ಬರಿಗೇ ಗೊತ್ತು. ಪುಟ್ಟತಾಯಮ್ಮ ರೈಲು ಹತ್ತಿ ಮೈಸೂರಿಗೆ ಹೋಗಿ ಮೂಗನ್ನು ಚಂದ ಮಾಡಿಸಿಕೊಂಡು ಬಂದಿದ್ದಳು. ಕಾಯಿಲೆಯಿಲ್ಲ, ಕಸಾಲೆಯಿಲ್ಲ. ಅರವತ್ತನೆಯ ವಯಸ್ಸಿನಲ್ಲಿ, ತನ್ನ ಇಷ್ಟದಿಂದ, ತನ್ನ ಉಳಿತಾಯದಿಂದ.

ಆ ಹಳೆಯ ಮೂಗಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಹುಬ್ಬುಗಳ ನಡುವೆ ಹೊರಟು, ಅರ್ಧ ದಾರಿಯಲ್ಲಿ ಒಂದು ದಿಬ್ಬ ಹತ್ತಿ ಇಳಿದು, ಕುಡುಗೋಲಿನ ತುದಿಯಂತೆ ತುಟಿಯ ಮೇಲೆ ಬಾಗುತ್ತಿದ್ದ ಮೂಗು ಅದು. ಊರಲ್ಲಿ ಮೂವರು ಪುಟ್ಟತಾಯಮ್ಮಂದಿರಿದ್ದರು. ಬಸ್ ಸ್ಟ್ಯಾಂಡಿನ ಬಳಿ ಇಡ್ಲಿ ಹಾಕುವವಳು ಹೋಟ್ಲು ಪುಟ್ಟತಾಯಮ್ಮ. ನಾಲೆಯ ಆಚೆ ಮನೆ ಕಟ್ಟಿದವಳು ನಾಲೆ ಪುಟ್ಟತಾಯಮ್ಮ. ಮೂವತ್ತೆಂಟು ವರ್ಷ ಅಂಗನವಾಡಿಯಲ್ಲಿ ಊರಿನ ಮಕ್ಕಳಿಗೆ ಅ ಆ ಇ ಈ ಹೇಳಿಕೊಟ್ಟ ಇವಳನ್ನು ಅಂಗನವಾಡಿ ಪುಟ್ಟತಾಯಮ್ಮ ಅನ್ನಬಹುದಿತ್ತು. ಯಾರೂ ಅನ್ನಲಿಲ್ಲ. ಮೂಗಿನ ಪುಟ್ಟತಾಯಮ್ಮ ಎಂದರು. ಪೋಸ್ಟಿನವನಿಂದ ಹಿಡಿದು ಇಲಾಖೆಯ ಸಾಹೇಬರಾಗಿದ್ದ ಮಹದೇವಸ್ವಾಮಿಯವರವರೆಗೆ ಎಲ್ಲರೂ ಅದನ್ನೇ ಅಂದರು. ಆ ಸಾಹೇಬರಂತೂ ಕೆ.ಆರ್. ಪೇಟೆಯ ಮೀಟಿಂಗಿನಲ್ಲಿ ಹಾಜರಿ ಹಾಕುವಾಗ, ನೂರು ಜನ ಟೀಚರುಗಳ ಎದುರಿಗೆ, "ಮೂಗಿನವರು ಬಂದ್ರಾ?" ಎಂದು ಕೇಳುತ್ತಿದ್ದರು.

ಇನ್ನು ಮಕ್ಕಳು. "ಕಣ್ಣು ಎಲ್ಲಿದೆ ತೋರ್ಸಿ" ಎಂದರೆ ತಮ್ಮ ಕಣ್ಣು ಮುಟ್ಟಿಕೊಳ್ಳುತ್ತಿದ್ದವು. "ಕಿವಿ ಎಲ್ಲಿದೆ?" ಎಂದರೆ ತಮ್ಮ ಕಿವಿ ಹಿಡಿದುಕೊಳ್ಳುತ್ತಿದ್ದವು. "ಮೂಗು ಎಲ್ಲಿದೆ?" ಎಂದರೆ ಇಪ್ಪತ್ತೂ ಮಕ್ಕಳು ಒಟ್ಟಿಗೆ ಕೈ ಚಾಚಿ ಟೀಚರಮ್ಮನ ಮೂಗು ತೋರಿಸುತ್ತಿದ್ದವು. ಮೂವತ್ತೆಂಟು ವರ್ಷ ಹೀಗೆ ನಡೆದರೆ ಯಾರಿಗೆ ತಾನೆ ರೇಗುವುದಿಲ್ಲ?

ಮಾರನೆಯ ದಿನ ಪುಟ್ಟತಾಯಮ್ಮನಿಗೆ ನಿವೃತ್ತಿ ಸನ್ಮಾನವಿತ್ತು. ಶಾಲೆಯ ಮೈದಾನದಲ್ಲಿ ಶಾಮಿಯಾನ, ವೇದಿಕೆ, ಮೈಕು. ಬಸ್ ಸ್ಟ್ಯಾಂಡಿನಲ್ಲಿ ಹನ್ನೆರಡು ಅಡಿಯ ಫ್ಲೆಕ್ಸು. ನಿವೃತ್ತರಾಗಿ ಪಾಂಡವಪುರದಲ್ಲಿ ನೆಲೆಸಿದ್ದ ಮಹದೇವಸ್ವಾಮಿಯವರೇ ಅತಿಥಿ. ಆ ವೇದಿಕೆಯ ಮೇಲೆ ಹೊಸ ಮೂಗಿನಲ್ಲಿ ಕೂತು, ಊರಿಗೆ ಊರೇ ಮೂಗಿನ ಮೇಲೆ ಬೆರಳಿಟ್ಟುಕೊಳ್ಳುವುದನ್ನು ನೋಡಬೇಕೆಂಬುದು ಅವಳ ಜೀವಮಾನದ ಆಸೆ. ಮುಂಚೆಯೇ ಹೇಳಿದರೆ ನಗುತ್ತಾರೆ. ಅದಕ್ಕೇ ದುರ್ಮಾಂಸದ ಸುಳ್ಳು.

ಮೂಗಿನ ಮೇಲಿನ ಪಟ್ಟಿ ಹಿಂದಿನ ದಿನವಷ್ಟೇ ಬಿಚ್ಚಿದ್ದರು. ಕಣ್ಣಿನ ಕೆಳಗೆ ಹಳದಿ ಬಣ್ಣ ಉಳಿದಿತ್ತು, ಮೂಗು ಒಂದಿಷ್ಟು ಊದಿತ್ತು. ಡಾಕ್ಟರು ಮೂರು ಮಾತು ಹೇಳಿ ಕಳಿಸಿದ್ದರು. ಕನ್ನಡಕ ಹಾಕಬಾರದು. ಸೀನಬಾರದು, ತಡೆಯಲಾಗದಿದ್ದರೆ ಬಾಯಿ ತೆರೆದು ಸೀನಬೇಕು. ಏನೇ ಆದರೂ ತಲೆ ಬಗ್ಗಿಸಬಾರದು.

ಎಂಟು ಗಂಟೆಗೆ ಕಿಕ್ಕೇರಿಯಿಂದ ಮುಸವ್ವಿರ್ ಬೈಕಿನಲ್ಲಿ ಬಂದ. ಅಲ್ಲಿ ಸ್ಟುಡಿಯೊ ಇಟ್ಟುಕೊಂಡಿದ್ದ ಮೂವತ್ತರ ಹುಡುಗ. ಇದೇ ಅಂಗನವಾಡಿಯಲ್ಲಿ ಪುಟ್ಟತಾಯಮ್ಮನ ತೊಡೆಯ ಮೇಲೆ ಕೂತು ಉಪ್ಪಿಟ್ಟು ತಿಂದು ಬೆಳೆದವನು. ಫ್ಲೆಕ್ಸು ತಾನೇ ಮಾಡಿಕೊಡುತ್ತೇನೆಂದು ಹಟ ಹಿಡಿದಿದ್ದ.

"ಮಿಸ್, ಹಳೇ ಫೋಟೋ ನನ್ ಹತ್ರ ಇತ್ತಲ್ಲ, ಅದ್ನೇ ಹಾಕ್ತಿದ್ದೆ. ಆಪರೇಷನ್ ಆದೋರಿಗೆ ಯಾಕೆ ತೊಂದ್ರೆ?"

"ಹಳೇದು ಬ್ಯಾಡ. ಹೊಸದೇ ತಗಿ," ಎಂದಳು ಪುಟ್ಟತಾಯಮ್ಮ. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು, ಆರು ಗಂಟೆಯಿಂದ ಕುರ್ಚಿಯ ಮೇಲೆ ನೆಟ್ಟಗೆ ಕೂತಿದ್ದಳು. "ಪಕ್ಕದಿಂದ್ಲೂ ಒಂದು ತಗಿ. ಮೂಗು ಸರ್ಯಾಗಿ ಬರ್ಲಿ."

ಮುಸವ್ವಿರ್ ಕ್ಯಾಮರಾದಲ್ಲಿ ನೋಡಿದ. ಅವನ ಮುಖದಲ್ಲಿ ಕನಿಕರ ಬಂತು. "ದುರ್ಮಾಂಸ ಅಂದ್ರೆ ಬಾಳ ನೋವಂತೆ ಮಿಸ್. ನಮ್ ಅಮ್ಮಿ ದುವಾ ಮಾಡ್ತಾವ್ರೆ ನಿಮಗೆ."

"ನಿಮ್ಮಮ್ಮ ಚೆನ್ನಾಗಿರ್ಲಿ. ಕೇಳಪ್ಪ, ಹೆಸರು ಹೆಂಗೆ ಹಾಕ್ತೀಯ?"

ಅವನು ತಲೆ ಕೆರೆದುಕೊಂಡ. ಈ ಕಡೆ ಫ್ಲೆಕ್ಸೆಂದರೆ ಹೆಸರಿನ ಜೊತೆ ಅಡ್ಡಹೆಸರೂ ಇರಲೇಬೇಕು, ಇಲ್ಲದಿದ್ದರೆ ಯಾರಿಗೂ ಗುರುತು ಹತ್ತುವುದಿಲ್ಲ. "ಪಂಚಾಯ್ತಿ ಮೆಂಬರು ದೇವರಾಜಣ್ಣ ಬರ್ಕೊಟ್ಟಿರೋ ಚೀಟಿಲಿ ಮೂಗಿನ ಪುಟ್ಟತಾಯಮ್ಮ ಅಂತ ಅದೆ ಮಿಸ್."

"ಹರಿದಾಕು ಅದ್ನ. ಬರೀ ಪುಟ್ಟತಾಯಮ್ಮ ಅಂತ ಹಾಕು. ಹಿಂದೆ ಮುಂದೆ ಏನೂ ಇರಕೂಡ್ದು. ಗೊತ್ತಾಯ್ತಾ?"

"ಆಯ್ತು ಮಿಸ್. ನೀವು ಯೋಚ್ನೆ ಮಾಡ್ಬೇಡಿ. ಎಂಗೆ ಮಾಡ್ಬೇಕು ಅಂಗೆ ಮಾಡ್ತೀನಿ," ಎಂದು ಮುಸವ್ವಿರ್ ಬೈಕು ಹತ್ತಿದ. ಸಾಯಂಕಾಲದೊಳಗೆ ಕಟ್ಟಿಸುತ್ತೇನೆಂದ.

ಅವನ ಬೈಕು ತಿರುವು ದಾಟಿರಲಿಲ್ಲ, ಬೆಟ್ಟಮ್ಮ ಬಂದಳು. ಅಂಗನವಾಡಿಯ ಆಯಾ, ಪಕ್ಕದ ಮನೆಯವಳು, ಊರಿನ ಸುದ್ದಿಗೆಲ್ಲ ಬಾಯಿ. ಕಂಕುಳಲ್ಲಿ ಒಂದು ಪೌಂಡು ಬ್ರೆಡ್ಡು, ಕಣ್ಣಲ್ಲಿ ನೀರು.

"ಅಯ್ಯೋ ನನ್ ಟೀಚ್ರಮ್ಮ! ಇಷ್ಟು ದೊಡ್ಡ ಕಾಯ್ಲೆ ಒಳಗಿಟ್ಕಂಡು ದುರ್ಮಾಂಸ ಅಂದ್ರಲ್ಲ! ನನ್ ಹತ್ರಾನೂ ಮುಚ್ಚಿಟ್ರಲ್ಲ!"

"ಯಾವ ಕಾಯ್ಲೆ ಬೆಟ್ಟಮ್ಮ?"

"ಬುಡಿ ಬುಡಿ, ನಿಮ್ ಯಜಮಾನ್ರೇ ಡೈರಿಲಿ ಯೋಳವ್ರೆ."

ಪುಟ್ಟತಾಯಮ್ಮ ಗಂಡನ ಕಡೆ ತಿರುಗಿದಳು. ಚಿಕ್ಕಸ್ವಾಮಿ ಹಸುವಿಗೆ ಬೂಸಾ ಕಲಸುವ ನೆಪದಲ್ಲಿ ಕೊಟ್ಟಿಗೆಗೆ ಜಾರಿದ.

ಬೆಟ್ಟಮ್ಮ ಕಾಯಲಿಲ್ಲ. ಕಾಯಿಲೆ ಇರಲಿ ಬಿಡಲಿ, ಮೊದಲು ದೃಷ್ಟಿ ತೆಗೆಯಬೇಕು ಎಂದಳು. ಒಂದು ಹಿಡಿ ಉಪ್ಪು, ಏಳು ಒಣಮೆಣಸಿನಕಾಯಿ, ಪೊರಕೆಯ ನಾಲ್ಕು ಕಡ್ಡಿ ಹಿಡಿದು ಪುಟ್ಟತಾಯಮ್ಮನ ಮುಖದ ಸುತ್ತ ಮೂರು ಸಲ ಇಳಿಸಿ, ನೀರೊಲೆಯ ಕೆಂಡಕ್ಕೆ ಸುರಿದಳು. ಘಾಟು ಮನೆಯೆಲ್ಲ ತುಂಬಿತು.

"ಬೇಡ ಕಣೆ, ಸೀನಬಾರ್ದು ಅಂದವ್ರೆ ಡಾಕ್ಟ್ರು!" ಎಂದು ಪುಟ್ಟತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಉಸಿರು ಬಿಗಿಹಿಡಿದಳು. ಹತ್ತರವರೆಗೆ ಎಣಿಸಿದಳು. ಹನ್ನೊಂದಕ್ಕೆ ಡಾಕ್ಟರು ಹೇಳಿಕೊಟ್ಟ ಹಾಗೆ ಬಾಯಿ ಅಗಲಿಸಿ ಸೀನಿದಳು. ಕೊಟ್ಟಿಗೆಯಲ್ಲಿ ಮಲಗಿದ್ದ ಹಸು ಎದ್ದು ನಿಂತಿತು. ಕನ್ನಡಿಗೆ ಓಡಿ ನೋಡಿಕೊಂಡಳು. ಪುಣ್ಯಕ್ಕೆ ಮೂಗು ಇದ್ದ ಜಾಗದಲ್ಲೇ ಇತ್ತು.

ಆದರೆ ಬೆಟ್ಟಮ್ಮನ ಮುಖ ಕಪ್ಪಿಟ್ಟಿತ್ತು. ದೃಷ್ಟಿ ಆಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿರುವ ವಿಷಯ. "ಘಾಟು ಬಂತಲ್ಲ ಟೀಚ್ರಮ್ಮ! ಅಂದ್ರೆ ಇದು ದೃಷ್ಟಿ ಅಲ್ಲ. ಕಾಯ್ಲೆನೇ!" ಎಂದು ಬೀದಿಗೆ ಓಡಿದಳು.

ಅಲ್ಲಿಂದ ಮುಂದೆ ಮನೆ ಮನೆಯಾಗಿ ಉಳಿಯಲಿಲ್ಲ. ಹುಷಾರಿಲ್ಲದವರನ್ನು ನೋಡಿಕೊಂಡು ಬರುವುದು ಈ ಕಡೆಯ ಪದ್ಧತಿ, ಹೋಗದಿದ್ದರೆ ನಾಲ್ಕು ಜನ ಏನನ್ನುತ್ತಾರೆ? ಹನ್ನೊಂದರ ಹೊತ್ತಿಗೆ ಜಗುಲಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮೇಜಿನ ಮೇಲೆ ಹದಿನಾಲ್ಕು ಪೌಂಡು ಬ್ರೆಡ್ಡು, ಮೂಸಂಬಿಯ ರಾಶಿ, ಮೂರು ಗೊನೆ ಎಳನೀರು. ಬಂದವರೆಲ್ಲ ಪುಟ್ಟತಾಯಮ್ಮನನ್ನು ಬಲವಂತವಾಗಿ ಮಂಚದ ಮೇಲೆ ಒರಗಿಸಿ, ಕಾಲಿನ ಮೇಲೆ ಕಂಬಳಿ ಹೊದಿಸಿ, ಸುತ್ತ ಕೂತು ಅವಳ ಬಗ್ಗೆ ಮಾತಾಡಿದರು. ಅವಳೊಡನೆ ಮಾತ್ರ ಯಾರೂ ಮಾತಾಡಲಿಲ್ಲ.

"ನಮ್ ದೇವಲಾಪುರದ ಬೀಗರಿಗೂ ಇಂಗೇ ಮೂಗಿಂದ್ಲೇ ಶುರುವಾಗಿದ್ದು," ಎಂದಳು ಒಬ್ಬಳು. "ಎರಡೇ ತಿಂಗ್ಳು."

"ಏನು ಒಳ್ಳೆ ಜೀವ! ಮಕ್ಕಳಿಗೆ ಒಂದಿನ ಗದರ್ದೋರಲ್ಲ," ಎಂದಳು ಇನ್ನೊಬ್ಬಳು.

"ನಂಗೇನೂ ಆಗಿಲ್ಲ ಕಣ್ರೇ!" ಎಂದು ಪುಟ್ಟತಾಯಮ್ಮ ಎದ್ದು ಕೂತರೆ, "ಪಾಪ, ಮಿದುಳಿಗೆ ಮುಟ್ಟದೆ, ಅದ್ಕೇ ಇಂಗೆ ಮಾತಾಡ್ತಾವ್ರೆ," ಎಂದು ಮತ್ತೆ ಒರಗಿಸುತ್ತಿದ್ದರು.

ಅವಳಿಗೆ ಕೋಪಕ್ಕಿಂತ ಭಯ ಹೆಚ್ಚಾಯಿತು. ಸಾವಿನ ಭಯವಲ್ಲ, ನಾಳೆಯ ಸನ್ಮಾನ ತಪ್ಪುವ ಭಯ. ಅದು ನಿಜವಾಗಲು ತಡವಾಗಲಿಲ್ಲ. ಒಂದು ಗಂಟೆಗೆ ಪಂಚಾಯ್ತಿ ಮೆಂಬರು ದೇವರಾಜು ಬಂದ. ಸನ್ಮಾನದ ಉಸ್ತುವಾರಿಯೆಲ್ಲ ಅವನದೇ. ಸದಾ ಇಸ್ತ್ರಿ ಮಾಡಿದ ಬಿಳಿ ಅಂಗಿಯವನು, ಈಗ ಮುಖವನ್ನೂ ಇಸ್ತ್ರಿ ಮಾಡಿಕೊಂಡು ಬಂದಿದ್ದ.

"ಟೀಚ್ರಮ್ಮ, ನೀವು ಏಳ್ಬೇಡಿ. ನಾವೆಲ್ಲ ಕೂತು ಯೋಚ್ನೆ ಮಾಡಿದ್ದೀವಿ. ಇಂತಾ ಟೈಮಲ್ಲಿ ನಿಮ್ನ ಸ್ಟೇಜಿಗೆ ಕರ್ಕಂಡೋಗಿ ಕೂರ್ಸಿದ್ರೆ ಜನ ನಮ್ಗೆ ಉಗೀತಾರೆ. ಶಾಮಿಯಾನದವ್ರಿಗೆ ಬ್ಯಾಡ ಅಂತ ಫೋನ್ ಮಾಡ್ಬುಟ್ಟೆ. ನಾಳೆ ನಾವು ನಾಕು ಜನ ಇಲ್ಲಿಗೇ ಬತ್ತೀವಿ. ನೀವು ಮಲಗೇ ಇರಿ, ಶಾಲು ಹೊದಿಸ್ಬುಟ್ಟು ಹೋಗ್ತೀವಿ."

"ಮಲಗಿರೋಳಿಗೆ ಶಾಲು ಹೊದಿಸ್ತೀರಾ?" ಎಂದಳು ಪುಟ್ಟತಾಯಮ್ಮ.

"ಹೂ ಕಣಮ್ಮ. ಫ್ಲೆಕ್ಸ್ ಒಂದು ನಿಲ್ಲಿಸಕ್ಕಾಗ್ನಿಲ್ಲ, ಆಗ್ಲೇ ಪ್ರಿಂಟಿಗೆ ಓಗ್ಬುಟ್ಟಿತ್ತು." ದೇವರಾಜು ನಿಟ್ಟುಸಿರು ಬಿಟ್ಟ. "ಇರ್ಲಿ ಬುಡಿ. ಫೋಟೋ ಅಂಗೇ ಇಟ್ಕಂಡು ಅಕ್ಸರ ಬದಲಾಯಿಸಿದ್ರೆ, ಮುಂದಕ್ಕೆ ಯಾವುದುಕ್ಕಾದ್ರೂ ಆಯ್ತದೆ."

ಮುಂದಕ್ಕೆ ಯಾವುದಕ್ಕೆ ಎಂದು ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ಆ ಊರಿನಲ್ಲಿ ಸನ್ಮಾನದ ಫ್ಲೆಕ್ಸು ಬಿಟ್ಟರೆ ತಿಥಿಯ ಫ್ಲೆಕ್ಸೇ.

ಪುಟ್ಟತಾಯಮ್ಮ ಕಂಬಳಿಯನ್ನು ಒದ್ದು ಎದ್ದಳು. ಮಂಚದ ಮೇಲೆಯೇ ನಿಂತಳು. ತಲೆ ಬಗ್ಗಿಸುವಂತಿರಲಿಲ್ಲವಾದ್ದರಿಂದ ನೆಟ್ಟಗೆ ನಿಂತು, ಎಲ್ಲರನ್ನೂ ಮೂಗಿನ ಮೇಲಿನಿಂದಲೇ ನೋಡುತ್ತ ಶುರುಮಾಡಿದಳು.

"ಎಲ್ರೂ ಬಾಯಿ ಮುಚ್ಕಂಡು ಕೇಳಿ! ನಂಗೆ ಗೆಡ್ಡೆನೂ ಇಲ್ಲ, ದುರ್ಮಾಂಸಾನೂ ಇಲ್ಲ. ನನ್ ಮೂಗು ನಂಗೆ ಇಷ್ಟ ಇರ್ಲಿಲ್ಲ. ಮೈಸೂರಿಗೆ ಓಗಿ ಚೆಂದ ಮಾಡಿಸ್ಕಂಡು ಬಂದೆ. ಅದ್ಕೇ ಆಪರೇಷನ್ನು. ಮೂಗು ನಂದು, ಮುಖ ನಂದು. ಯಾರದೇನು?"

ಜಗುಲಿಯಲ್ಲಿ ಎಳನೀರು ಕೆತ್ತುತ್ತಿದ್ದವನ ಮಚ್ಚು ಮೇಲೆಯೇ ನಿಂತಿತು.

"ಈ ವಯಸ್ನಲ್ಲಾ?" ಎಂದಿತು ಒಂದು ದನಿ.

"ಇನ್ಯಾವ ವಯಸ್ನಲ್ಲಿ ಮಾಡಿಸ್ಕಳ್ಲಿ? ಮೂವತ್ತೆಂಟು ವರ್ಸ ನಿಮ್ ಮಕ್ಕಳ ಮೂಗು ಒರೆಸ್ದೆ. ನನ್ ಮೂಗಿನ ಕಡೆ ನೋಡ್ಕಳಕ್ಕೆ ಪುರುಸೊತ್ತು ಕೊಟ್ರಾ? ಮೂಗಿನ ಪುಟ್ಟತಾಯಮ್ಮ ಅಂತೆ, ಮೂಗಿನ ಪುಟ್ಟತಾಯಮ್ಮ! ಒಬ್ರಾದ್ರೂ ಬರೀ ಹೆಸರು ಹಿಡಿದು ಕರೆದ್ರಾ? ನಾಳೆ ಸ್ಟೇಜ್ ಮೇಲೆ ಕೂತೇ ಕೂರ್ತೀನಿ. ದೇವರಾಜು, ಶಾಮಿಯಾನದವ್ರಿಗೆ ಫೋನ್ ಮಾಡು!"

ಕೊಟ್ಟಿಗೆಯ ಬಾಗಿಲಲ್ಲಿ ನಿಂತಿದ್ದ ಚಿಕ್ಕಸ್ವಾಮಿಗೆ ಕಣ್ಣು ತುಂಬಿ ಬಂತು. ನಲವತ್ತು ವರ್ಷದ ಸಂಸಾರದಲ್ಲಿ ಅವನಿಗೆ ಆ ಹಳೆಯ ಮೂಗಿನಿಂದ ಒಂದು ದಿನವೂ ತೊಂದರೆಯಾಗಿರಲಿಲ್ಲ. ಆದರೂ ಈಗ ಹೆಂಡತಿಯನ್ನು ನೋಡಿ ಹೆಮ್ಮೆಯೆನಿಸಿತು.

ಬೆಟ್ಟಮ್ಮ ಮಾತ್ರ ಕನ್ನಡಕ ಹಾಕಿಕೊಂಡು ಮಂಚದ ಹತ್ತಿರ ಬಂದಳು. ಎಡದಿಂದ ನೋಡಿದಳು, ಬಲದಿಂದ ನೋಡಿದಳು. "ಎಲ್ಲಿ ಬದಲಾಗದೆ ಟೀಚ್ರಮ್ಮ? ಅಂಗೇ ಅದಲ್ಲ!"

"ಊತ ಕಣೆ ಅದು! ಊತ ಇಳೀಬೇಕು! ದಿಬ್ಬ ಓಗದೆ, ತುದಿ ಮೇಲೆ ಬಂದದೆ, ಕಾಣಾಕಿಲ್ವಾ?"

"ದಿನಾ ನೋಡೋ ಮುಖ, ನಂಗೇನು ಗೊತ್ತಾಯ್ತದೆ?" ಬೆಟ್ಟಮ್ಮ ಕನ್ನಡಕ ತೆಗೆದಳು. ಆಮೇಲೆ ಮೇಜಿನ ಕಡೆ ನೋಡಿ, ಸ್ವಲ್ಪ ಸಂಕೋಚದಿಂದ, "ಅಂಗಾದ್ರೆ ಕಾಯ್ಲೆ ಇಲ್ಲ ಅಂತಾಯ್ತು. ನನ್ ಬ್ರೆಡ್ಡು ತಗಂಡೋಯ್ತೀನಿ, ಮೊಮ್ಮಕ್ಕಳಿಗೆ ಆಯ್ತದೆ," ಎಂದಳು.

ಅವಳು ಶುರು ಮಾಡಿದ ಮೇಲೆ ಉಳಿದವರಿಗೆ ಯಾವ ಸಂಕೋಚ? ಹತ್ತು ನಿಮಿಷದಲ್ಲಿ ಮೇಜು ಖಾಲಿಯಾಯಿತು. ಆಗಲೇ ಕೆತ್ತಿಟ್ಟಿದ್ದ ಎಳನೀರನ್ನು ದೇವರಾಜು ಕುಡಿದು, ಬಾಯಿ ಒರೆಸಿಕೊಂಡು, "ಲೇ, ಪ್ರೋಗ್ರಾಂ ಅದೆ ಕಣ್ಲಾ, ಬೆಳಿಗ್ಗೆ ಬಂದು ಕಂಬ ನೆಡು," ಎಂದು ಶಾಮಿಯಾನದವನಿಗೆ ಫೋನಿನಲ್ಲಿ ಕೂಗುತ್ತ ಹೊರಟ.

ಪುಟ್ಟತಾಯಮ್ಮ ಗೆದ್ದಿದ್ದಳು. ನಾಚಿಕೊಳ್ಳಬೇಕಾದದ್ದು ಏನೂ ಉಳಿದಿರಲಿಲ್ಲ. ಪಕ್ಕದ ಮನೆಯವಳಿಗೇ ಗೊತ್ತಾಗದಿದ್ದರೆ ಹೋಗಲಿ, ಫ್ಲೆಕ್ಸು ಇದೆಯಲ್ಲ. ಹನ್ನೆರಡು ಅಡಿಯಲ್ಲಿ ಆ ಮೂಗು ಎದ್ದು ನಿಂತರೆ ಬೆಟ್ಟಮ್ಮನಿಗೆ ಕನ್ನಡಕವೂ ಬೇಕಾಗುವುದಿಲ್ಲ.

ಐದೂವರೆಗೆ ಮುಸವ್ವಿರ್ ಫೋನು ಮಾಡಿದ. "ಮಿಸ್, ಕಟ್ಟಾಯ್ತು. ಬಂದು ನೋಡಿ."

ರೇಷ್ಮೆ ಸೀರೆಯಲ್ಲೇ ಹೊರಟಳು. ಪಕ್ಕದಲ್ಲಿ ಚಿಕ್ಕಸ್ವಾಮಿ, ಹಿಂದೆ ಬೆಟ್ಟಮ್ಮ, ಅವಳ ಹಿಂದೆ ಅರ್ಧ ಬೀದಿ. ಬಸ್ ಸ್ಟ್ಯಾಂಡಿನ ಹತ್ತಿರ ಆಗಲೇ ಗುಂಪು ಸೇರಿತ್ತು. ಹೋಟ್ಲು ಪುಟ್ಟತಾಯಮ್ಮ ಕೂಡ ಸೌಟು ಹಿಡಿದು ಹೊರಗೆ ಬಂದು ನೋಡುತ್ತಿದ್ದಳು. ಪುಟ್ಟತಾಯಮ್ಮ ಮೊದಲು ಅಕ್ಷರ ಓದಿದಳು. 'ಶ್ರೀಮತಿ ಪುಟ್ಟತಾಯಮ್ಮನವರಿಗೆ ಸನ್ಮಾನ.' ಬರೀ ಪುಟ್ಟತಾಯಮ್ಮ. ಹಿಂದೆ ಮುಂದೆ ಏನೂ ಇರಲಿಲ್ಲ. ಎದೆ ತುಂಬಿ ಬಂತು.

ಆಮೇಲೆ ಕಣ್ಣು ಮೇಲೆತ್ತಿದಳು.

ಹುಬ್ಬುಗಳ ನಡುವೆ ಹೊರಟು, ಅರ್ಧ ದಾರಿಯಲ್ಲಿ ದಿಬ್ಬ ಹತ್ತಿ ಇಳಿದು, ತುಟಿಯ ಮೇಲೆ ಬಾಗಿ, ಮೂರಡಿ ಉದ್ದಕ್ಕೆ, ಸಂಜೆಯ ಬಿಸಿಲಿನಲ್ಲಿ ಹೊಳೆಯುತ್ತ ಹಳೆಯ ಮೂಗು ನಿಂತಿತ್ತು. ಸೀರೆ ಇಂದಿನದು, ಹೂವು ಇಂದಿನದು, ಮೂಗು ಮಾತ್ರ ಅದೇ.

"ಮುಸವ್ವಿರ್," ಎಂದಳು. "ಏನಪ್ಪ ಇದು?"

ಮುಸವ್ವಿರ್ ಏಣಿಯಿಂದ ಇಳಿದು ಓಡಿ ಬಂದ. ಕೆಲಸ ಚೆನ್ನಾಗಿ ಮಾಡಿದವನ ಸಂತೋಷ ಮುಖದಲ್ಲಿತ್ತು. "ಗೊತ್ತೇ ಆಗಲ್ಲ ಅಲ್ವಾ ಮಿಸ್? ಆಪರೇಷನ್ನಲ್ಲಿ ಮೂಗೆಲ್ಲ ಕೆಡಿಸ್ಬುಟ್ಟಿದ್ರು. ನೋಡಿ ನಂಗೆ ಹೊಟ್ಟೆ ಉರ್ದೋಯ್ತು. ಆಗಸ್ಟ್ ಹದಿನೈದರ ಫೋಟೋ ಇತ್ತಲ್ಲ, ಅದ್ರಿಂದ ನಿಮ್ ಮೂಗು ತಗಂಡು ಇದಕ್ಕೆ ಕೂರ್ಸಿದ್ದೀನಿ. ಬಣ್ಣ ಹೊಂದಿಸೋಕೇ ಮೂರು ಗಂಟೆ ಹಿಡೀತು."

"ನಾನು ಹೇಳಿದ್ನಾ ನಿಂಗೆ?"

"ನೀವು ಹೇಳ್ತೀರಾ? ನೀವು ಬರೀ ಹೆಸರು ಸಾಕು ಅಂದ್ರಿ. ಮೂಗಿನ ಅಂತ ಬರೀಬೇಡ ಅಂದ್ರಿ. ಬರೀದಿದ್ರೆ ಮೂಗಾದ್ರೂ ಸರ್ಯಾಗಿ ಕಾಣ್ಬೇಕಲ್ಲ ಮಿಸ್? ಇಲ್ದಿದ್ರೆ ಹೋಟ್ಲು ಪುಟ್ಟತಾಯಮ್ಮಂಗೆ ಸನ್ಮಾನ ಅನ್ಕಂಡ್ಬುಡ್ತಾರೆ ಜನ." ಅವನು ಫ್ಲೆಕ್ಸಿನ ಕಡೆ ಬೆರಳು ಚಾಚಿದ. "ಚಿಕ್ಕೋನಿದ್ದಾಗ ಮೂಗು ಎಲ್ಲಿ ಅಂದ್ರೆ ನಾನು ಇದ್ನೇ ಅಲ್ವಾ ತೋರಿಸ್ತಿದ್ದಿದ್ದು? ಅದು ಇರ್ಲೇಬೇಕು ಮಿಸ್."

ಇವನನ್ನು ಬೈಯುವುದು ಹೇಗೆ? ಸುಳ್ಳು ಅವಳದೇ. ಬೆಳಿಗ್ಗೆ ಎಂಟಕ್ಕೆ ಇವನೊಬ್ಬನಿಗೆ ನಿಜ ಹೇಳಿದ್ದರೆ ಸಾಕಿತ್ತು.

"ನಿಜ ಯೋಳ್ಲಾ ಟೀಚ್ರಮ್ಮ?" ಎಂದಳು ಬೆಟ್ಟಮ್ಮ, ಫ್ಲೆಕ್ಸನ್ನೂ ಅವಳನ್ನೂ ಒಂದರ ನಂತರ ಒಂದು ನೋಡಿ. "ಈಗ ಗೊತ್ತಾಯ್ತು ವ್ಯತ್ಯಾಸ. ಅದ್ರಲ್ಲೇ ಚೆಂದಾಗಿದ್ದೀರ."

ಅಷ್ಟರಲ್ಲಿ ಕೆ.ಆರ್. ಪೇಟೆಯ ಬಸ್ಸು ಬಂದು ನಿಂತಿತು. ಕೈಚೀಲ ಹಿಡಿದು ಮಹದೇವಸ್ವಾಮಿಯವರು ಇಳಿದರು. ನಾಳೆಯ ಅತಿಥಿ ಒಂದು ದಿನ ಮುಂಚೆಯೇ ಬಂದಿದ್ದರು. ಫ್ಲೆಕ್ಸನ್ನು ಕಂಡವರೇ ಮುಖ ಅರಳಿಸಿ, "ಓಹೋ, ಅದೇ ಮೂಗು! ನೋಡಿದ ತಕ್ಷಣ ಗುರುತು ಸಿಕ್ತು," ಎಂದರು. ನಂತರ ಎದುರಿಗೇ ರೇಷ್ಮೆ ಸೀರೆಯುಟ್ಟು ನಿಂತಿದ್ದ ಹೆಂಗಸನ್ನು ಕೇಳಿದರು: "ಅಮ್ಮಾ, ಪುಟ್ಟತಾಯಮ್ಮನವರ ಮನೆ ಎಲ್ಲಿ ಬರುತ್ತೆ?"

ಪುಟ್ಟತಾಯಮ್ಮನ ಮುಖದಲ್ಲಿ ಆ ದಿನ ಮೊದಲ ಸಲ ಬೆಳಕು ಬಂತು. ಇಷ್ಟು ವರ್ಷ ಮೂಗು ನೋಡಿ ಹಾಜರಿ ಹಾಕಿದ ಸಾಹೇಬರಿಗೆ ಗುರುತು ಸಿಗಲಿಲ್ಲ! ಹೊಸ ಮೂಗು ಒಬ್ಬರ ಕಣ್ಣಿಗಾದರೂ ಬಿತ್ತು! ಒಂದು ಹೆಜ್ಜೆ ಮುಂದೆ ಬಂದು, "ನಾನೇ ಸಾರ್ ಪುಟ್ಟತಾಯಮ್ಮ," ಎಂದಳು.

ಮಹದೇವಸ್ವಾಮಿಯವರು ಅವಳನ್ನು ನೋಡಿದರು. ಫ್ಲೆಕ್ಸನ್ನು ನೋಡಿದರು. ಮತ್ತೆ ಅವಳನ್ನು ನೋಡಿ ಸಮಾಧಾನದಿಂದ ನಕ್ಕರು.

"ಇಲ್ಲಮ್ಮ, ನಾನು ಕೇಳಿದ್ದು ಮೂಗಿನ ಪುಟ್ಟತಾಯಮ್ಮನವರನ್ನ. ಇಲ್ಲಿ ಇಡ್ಲಿ ಹೋಟ್ಲು ಇಟ್ಟಿದ್ದಾರಲ್ಲ, ನೀವು ಆ ಪುಟ್ಟತಾಯಮ್ಮ ಅಲ್ವಾ?"

ಹೋಟ್ಲು ಪುಟ್ಟತಾಯಮ್ಮ ಸೌಟನ್ನು ಸೆರಗಿನಲ್ಲಿ ಮುಚ್ಚಿಕೊಂಡು ಒಳಗೆ ಓಡಿದಳು. ಬೆಟ್ಟಮ್ಮ ಬಾಯಿಗೆ ಸೆರಗು ತುರುಕಿಕೊಂಡಳು. ಚಿಕ್ಕಸ್ವಾಮಿ ಹೆಂಡತಿಯ ಪರವಾಗಿ ಏನಾದರೂ ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು ಅವನ ಕೈ ಗಟ್ಟಿಯಾಗಿ ಹಿಡಿದುಕೊಂಡಳು. ಇವತ್ತು ಅವನು ಹೇಳಿದ್ದು ಸಾಕಾಗಿತ್ತು.

"ಬನ್ನಿ ಸಾರ್, ಮನೆ ನಾನು ತೋರಿಸ್ತೀನಿ," ಎಂದು ಪುಟ್ಟತಾಯಮ್ಮ ಮುಂದೆ ನಡೆದಳು. ಬಸ್ ಸ್ಟ್ಯಾಂಡಿನಿಂದ ಮನೆಯವರೆಗೆ ಊರೆಲ್ಲ ನೋಡುತ್ತಿತ್ತು. ತಲೆ ಬಗ್ಗಿಸಬಾರದೆಂದು ಡಾಕ್ಟರು ಹೇಳಿದ್ದರು, ಅವಳು ಬಗ್ಗಿಸಲಿಲ್ಲ.